ಪೊಲೀಸ್ ಗಸ್ತಿಗೆ ನಿಮಿಷದ ಲೆಕ್ಕ: ಕೌಂಟಿಯಿಂದ ನಗರಕ್ಕೆ ಸಿಗೋದೆಷ್ಟು?

ನಮಸ್ಕಾರ. ಅಮೆರಿಕದಲ್ಲಿ ಸ್ವಂತ ಪೊಲೀಸ್ ಇಲ್ಲದ ಊರು ಕೌಂಟಿಗೆ ದುಡ್ಡು ಕಟ್ಟಿ ಪೊಲೀಸರನ್ನ ತರಿಸ್ಕೊಳ್ಳುತ್ತೆ. ಕೌಂಟಿ ಅಂದ್ರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ ಇದ್ದಂತೆ. ಕಟ್ಟಿದ ದುಡ್ಡಿಗೆ ಸರಿಯಾಗಿ ಗಸ್ತು ಸಿಗ್ತಿದೆಯಾ ಅಂತ ನೋಡೋದು ಹೇಗೆ?

ಕ್ಯಾಲಿಫೋರ್ನಿಯಾದ ಲೇಕ್‌ವುಡ್. 1954ರಲ್ಲಿ ನಗರವಾದಾಗ ಸ್ವಂತ ಪೊಲೀಸ್ ಇಲಾಖೆ ಮಾಡ್ಕೊಳ್ಳದೆ, ಲಾಸ್ ಏಂಜಲೀಸ್ ಕೌಂಟಿಯ ಶೆರಿಫ್ ಇಲಾಖೆ ಜೊತೆ ಒಪ್ಪಂದ ಮಾಡ್ಕೊಂಡಿತು. ಆ ಕೌಂಟಿಯ 88 ನಗರಗಳಲ್ಲಿ ಈಗ 40ಕ್ಕೂ ಹೆಚ್ಚು ಇದೇ ದಾರಿ ಹಿಡಿದಿವೆ. ಕೌಂಟಿ ಅಂದ್ರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ ಇದ್ದಂತೆ. ಶೆರಿಫ್ ಅಂದ್ರೆ ಕೌಂಟಿಯ ಪೊಲೀಸ್ ಮುಖ್ಯಸ್ಥರು, ಅವರನ್ನ ಜನರೇ ಓಟು ಹಾಕಿ ಆರಿಸ್ತಾರೆ.

(ಪರದೆ ಮೇಲೆ: 1,75,200)

ಈ ಅಂಕಿ ನೋಡಿ. ನಗರ ಕೊಳ್ಳೋದು ನಿಮಿಷಗಳನ್ನ! '56 ಗಂಟೆ ಯೂನಿಟ್' ಅಂದ್ರೆ ಒಂದು ಗಸ್ತು ಕಾರು ದಿನಕ್ಕೆ 8 ಗಂಟೆ, ವಾರದ ಏಳೂ ದಿನ. ವರ್ಷಕ್ಕೆ 2,920 ಗಂಟೆ, ಅಂದ್ರೆ 1,75,200 ನಿಮಿಷ. ಆದ್ರೆ ರಜೆ, ತರಬೇತಿ ಕಳೆದ್ರೆ ಒಬ್ಬ ಡೆಪ್ಯುಟಿ (ಶೆರಿಫ್ ಕೈಕೆಳಗಿನ ಪೊಲೀಸ್) ವರ್ಷಕ್ಕೆ ಕೆಲಸಕ್ಕೆ ಸಿಗೋದು ಸುಮಾರು 1,800 ಗಂಟೆ. ಹಾಗಾಗಿ ಒಂದು ಪಾಳಿಯ ಒಂದು ಸೀಟಿಗೆ 1.6 ಜನ ಬೇಕು. ಹಗಲೂ ರಾತ್ರಿ ಒಂದೇ ಒಂದು ಕಾರು ಓಡಿಸೋಕೆ ಹತ್ತಿರ ಹತ್ತಿರ 5 ಜನ! ಐದು ಜನರ ಸಂಬಳ ಕಟ್ಟಿದ್ರೂ ಬೀದಿಯಲ್ಲಿ ಕಾಣೋದು ಒಬ್ಬರೇ. ಇದು ಮೋಸ ಅಲ್ಲ, ಬರೀ ಲೆಕ್ಕ.

ಹಾಗಾದ್ರೆ ಎಡವೋದು ಎಲ್ಲಿ? ಲೇಕ್‌ವುಡ್ ಠಾಣೆ ಒಂದೇ, ಅದರಡಿ ಬೆಲ್‌ಫ್ಲವರ್, ಪ್ಯಾರಮೌಂಟ್ ಸೇರಿ ಹಲವು ನಗರ. ಇಲ್ಲಿನ ಕಾರು ಪಕ್ಕದೂರಿನ ಜಗಳಕ್ಕೆ ಹೋಗಿ 40 ನಿಮಿಷ ನಿಲ್ಲುತ್ತೆ ಅಂದ್ಕೊಳ್ಳಿ. ಕಾರಿನ ಕಂಪ್ಯೂಟರ್‌ನಲ್ಲಿ ಊರಿನ ಹೆಸರು ಬದಲಾಯಿಸದಿದ್ರೆ ಆ 40 ನಿಮಿಷ ನಿಮ್ಮ ಖಾತೆಗೇ ಬೀಳುತ್ತೆ. ಅದಕ್ಕೇ ಕೊಂಡ ನಿಮಿಷದಲ್ಲಿ 100% ಸಿಕ್ಕಿದೆ ಅಂತ ತಿಂಗಳ ಲೆಕ್ಕ ಬಂದ್ರೆ ಸುಮ್ಮನಾಗಬೇಡಿ. ಪಾಳಿವಾರು ಪಟ್ಟಿ ಕೇಳಿ: ಬೆಳಗಿನ ಹೆಚ್ಚಳ ರಾತ್ರಿಯ ಕೊರತೆಯನ್ನ ಮುಚ್ಚಿಹಾಕುತ್ತೆ. ಟ್ರಾಫಿಕ್ ಕಾರಿನ ನಿಮಿಷ ಬೇರೆ, ಗಸ್ತು ಕಾರಿನ ನಿಮಿಷ ಬೇರೆ ಇರಲಿ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಬೇಗ. ಕರೆಗೆ ಬರೋಕೆ ಎಷ್ಟು ಹೊತ್ತು ಹಿಡಿಯಿತು ಅಂತ ಕೇಳುವಾಗ, ಫೋನ್ ಎತ್ತಿದಾಗಿನಿಂದ ಎಣಿಸಿದ್ದಾ, ಕಾರು ಕಳಿಸಿದಾಗಿನಿಂದಲಾ ಅಂತಲೂ ಕೇಳಿ. ಬಿಲ್ ಬಂದಾಗ 1973ರ ಗೊನ್ಸಾಲ್ವೆಸ್ ಕಾಯ್ದೆ ನೆನಪಿರಲಿ: ಒಪ್ಪಂದ ಇಲ್ಲದಿದ್ರೂ ಕೌಂಟಿಗೆ ಹೇಗೂ ಬರ್ತಿದ್ದ ಸಾಮಾನ್ಯ ಆಡಳಿತ ವೆಚ್ಚವನ್ನ ನಗರದ ಮೇಲೆ ಹೇರೋ ಹಾಗಿಲ್ಲ. ಆ ಊರಿನವರು ಕೌಂಟಿ ತೆರಿಗೆ ಆಗಲೇ ಕಟ್ಟಿರ್ತಾರಲ್ಲ!

ಕೊನೇದು. 2013ರಲ್ಲಿ ಕೌಂಟಿಯದೇ ಲೆಕ್ಕಪರಿಶೋಧನೆ ನಡೆದಾಗ, ಒಪ್ಪಂದದ ನಗರಗಳಿಗೆ ಮಾತು ಕೊಟ್ಟ ಗಸ್ತಿನಲ್ಲಿ 99% ಸಿಕ್ಕಿತ್ತು. ಯಾವ ನಗರಕ್ಕೂ ಸೇರದೆ ನೇರ ಕೌಂಟಿ ಕೈಯಲ್ಲಿದ್ದ ಬಡಾವಣೆಗಳಿಗೆ 91%. ಅವರ ಪರವಾಗಿ ನಿಮಿಷ ಎಣಿಸೋಕೆ ಒಂದು ನಗರ ಸಭೆಯೂ ಇರಲಿಲ್ಲ.