ಹೈಂಕೆಲ್ 177ಕ್ಕೆ ಬೆಂಕಿ ಹಚ್ಚಿದ್ದು ಉಡೆಟ್ ಅಲ್ಲ, ನಾಸೆಲ್!

ನಮಸ್ಕಾರ. ಹೋದ ಸಂಚಿಕೆಯ ಕೆಳಗೆ ಒಂದು ಕಮೆಂಟ್ ಬಿದ್ದಿದೆ. ಎಲ್ಲಕ್ಕಿಂತ ಹೆಚ್ಚು ಲೈಕ್ ಬಂದಿರೋದೂ ಅದಕ್ಕೇ. ಏನಂತೆ ಅಂದ್ರೆ, ಎರಡನೇ ಮಹಾಯುದ್ಧದ ಹೊತ್ತಲ್ಲಿ ಜರ್ಮನ್ ವಾಯು ಸಚಿವಾಲಯದ ತಾಂತ್ರಿಕ ವಿಭಾಗ ನೋಡ್ಕೋತಿದ್ದ ಉಡೆಟ್‌ಗೆ ಡೈವ್ ಬಾಂಬಿಂಗ್, ಅಂದ್ರೆ ವಿಮಾನವನ್ನ ಗುರಿ ಮೇಲೆ ಕಡಿದಾಗಿ ಕೆಳಕ್ಕೆ ಧುಮುಕಿಸಿ ಬಾಂಬ್ ಹಾಕೋ ಹುಚ್ಚಿತ್ತಂತೆ, ನಾಲ್ಕು ಎಂಜಿನ್ ಇಟ್ಕೊಂಡು ಡೈವ್ ಹೊಡೆಯೋಕಾಗಲ್ಲ ಅಂತ ಎರಡೆರಡು ಎಂಜಿನ್ ಅಂಟಿಸಿದ್ರಂತೆ, ಅದಕ್ಕೇ ಜರ್ಮನಿಯ ಭಾರೀ ಬಾಂಬರ್ ಹೈಂಕೆಲ್ 177 ಹತ್ತಿ ಉರೀತಿತ್ತಂತೆ. ಕೊನೆಗೆ 'ಇಷ್ಟೇ ಕಥೆ' ಅಂತ ಬೇರೆ.

ಇಷ್ಟೇ ಅಲ್ಲ ರೀ ಕಥೆ. ಈ ಒಂದು ಮಾತನ್ನ ಎಷ್ಟು ಕಡೆ ಎಷ್ಟು ಜನ ಕಣ್ಮುಚ್ಚಿ ಒಪ್ಪಿಸ್ತಾರೆ ಅಂದ್ರೆ, ಇವತ್ತು ಇಡೀ ಸಂಚಿಕೆ ಇದಕ್ಕೇ ಇಟ್ಟಿದ್ದೀನಿ. ಬೆಂಕಿ ಹಚ್ಚಿದ್ದು ಉಡೆಟ್ ಅಲ್ಲ, ಡೈವ್ ಅಲ್ಲ. ನಾಸೆಲ್. ರೆಕ್ಕೆ ಮೇಲೆ ಎಂಜಿನ್ ಕೂರಿಸೋ ಆ ಗೂಡು.

ಮೊದಲು ಇಸವಿ ನೋಡೋಣ. ದೂರ ಹಾರೋ ಭಾರೀ ಬಾಂಬರ್ ಬೇಕು ಅಂತ ಜರ್ಮನ್ ವಾಯು ಸಚಿವಾಲಯ ಕೇಳಿದ್ದು 1936ರಲ್ಲಿ. ಹೈಂಕೆಲ್ ಕಂಪನಿಯ ಜೀಗ್‌ಫ್ರೀಡ್ ಗುಂಟರ್ ವಿನ್ಯಾಸ ಶುರು ಮಾಡಿದ್ರು. ಉಡೆಟ್ ಬಂದು 'ಇದು ಡೈವ್ ಕೂಡ ಹೊಡೀಬೇಕು' ಅಂದಿದ್ದು 1937ರ ನವೆಂಬರ್ 5ಕ್ಕೆ, ಮರದ ಮಾದರಿ ನೋಡೋ ದಿನ. ಈ ವಿಮಾನ ಯಾವತ್ತೂ ಡೈವ್ ಹೊಡೆಯಲ್ಲ ಅಂತ ಎರ್ನ್ಸ್ಟ್ ಹೈಂಕೆಲ್ ಅಲ್ಲೇ ಮುಖಕ್ಕೆ ಹೇಳಿದ್ರು. ಸರಿ. ಆದ್ರೆ ಜೋಡಿ ಎಂಜಿನ್? ಅದು ಆ ಹೊತ್ತಿಗೆ ಆಕಾಶದಲ್ಲೇ ಇತ್ತು! ಡೈಮ್ಲರ್-ಬೆಂಜ್ ಡಿಬಿ 606, ಅಂದ್ರೆ ಎರಡು ಡಿಬಿ 601 ಪಕ್ಕಪಕ್ಕ ಇಟ್ಟು ಒಂದೇ ಗೇರ್‌ಬಾಕ್ಸಿಗೆ ಕಟ್ಟಿರೋದು, ಹೈಂಕೆಲ್ 119 ಅನ್ನೋ ವಿಮಾನದಲ್ಲಿ ಅದೇ ವರ್ಷ ಹಾರ್ತಿತ್ತು. 1937ರ ನವೆಂಬರ್ 22ಕ್ಕೆ ಆ 119, ಒಂದು ಟನ್ ಭಾರ ಹೊತ್ತು 1,000 ಕಿಲೋಮೀಟರ್ ದೂರವನ್ನ ಗಂಟೆಗೆ ಸುಮಾರು 505 ಕಿಲೋಮೀಟರ್ ವೇಗದಲ್ಲಿ ಹಾರಿ ದಾಖಲೆ ಮಾಡ್ತು. ಉಡೆಟ್ ಬಾಯಿ ಬಿಟ್ಟು ಹದಿನೇಳು ದಿನಕ್ಕೆ. ಹದಿನೇಳು ದಿನದಲ್ಲಿ ಯಾರ್ರೀ ಎಂಜಿನ್ ಅಂಟಿಸಿ ದಾಖಲೆ ಮುರೀತಾರೆ?

ಗುಂಟರ್‌ಗೆ ಬೇಕಾಗಿದ್ದು ಕಡಿಮೆ ಗಾಳಿ ಪ್ರತಿರೋಧ. ನಾಲ್ಕು ನಾಸೆಲ್ ಬದಲು ಎರಡೇ ಇದ್ರೆ ಗಾಳಿ ಕಡಿಮೆ ತಡೀತದೆ, ವೇಗ ಜಾಸ್ತಿ, ದೂರ ಜಾಸ್ತಿ. ಕಾಗದದ ಮೇಲೆ ಲೆಕ್ಕ ಸರಿಯಾಗೇ ಇದೆ. ಜೋಡಿ ಎಂಜಿನ್ ಬಂದಿದ್ದು ಆ ಲೆಕ್ಕದಿಂದ, ಡೈವಿಂದ ಅಲ್ಲ.

ಈಗ ನಾಸೆಲ್ ಬಿಚ್ಚೋಣ. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗ್ತೀನಿ, ಸ್ಕಿಪ್ ಮಾಡಬೇಡಿ.

ಡಿಬಿ 606 ಅಂದ್ರೆ 24 ಸಿಲಿಂಡರ್, ತೂಕ ಹತ್ತಿರ ಹತ್ತಿರ ಒಂದೂವರೆ ಟನ್, ಟೇಕಾಫಿಗೆ 2,700 ಅಶ್ವಶಕ್ತಿ. ಎರಡೂ ತಲೆಕೆಳಗಾದ ವಿ-12 ಎಂಜಿನ್‌ಗಳು, ಅಂದ್ರೆ ಒಂದೊಂದರಲ್ಲಿ ಆರಾರು ಸಿಲಿಂಡರಿನ ಎರಡು ಸಾಲು. ಪಕ್ಕಪಕ್ಕ ಇಟ್ಟಾಗ ಒಳಬದಿಯ ಎರಡು ಸಾಲು ಎದುರುಬದುರಾಗ್ತವೆ. ಆ 12 ಸಿಲಿಂಡರಿನ ಹೊಗೆ ಹೋಗೋದು ಮಧ್ಯದ ಒಂದೇ ಎಕ್ಸಾಸ್ಟ್ ಕೊಳವೆ ವ್ಯವಸ್ಥೆಗೆ. ಅದು ಕಾದು ಕೆಂಪಗಾಗ್ತದೆ. ಅದರ ಕೆಳಗೆ ಕೌಲಿಂಗಿನ, ಅಂದ್ರೆ ಎಂಜಿನ್ ಮುಚ್ಚೋ ತಗಡಿನ ಹೊದಿಕೆಯ ತಳ. ಸೋರಿದ ಆಯಿಲ್ಲು, ಗ್ರೀಸು ಎಲ್ಲ ಬಂದು ನಿಲ್ಲೋದು ಎಲ್ಲಿ? ಅದೇ ತಳದಲ್ಲಿ. ಉರಿಯೋ ಒಲೆ ಕೆಳಗೆ ಸೀಮೆಎಣ್ಣೆ ತಟ್ಟೆ ಇಟ್ಟ ಹಾಗೆ.

ಸೋರಿಕೆ ಯಾಕೆ ಅಂತೀರಾ? ಪೈಲಟ್ ಥ್ರಾಟಲ್ ಹಿಂದಕ್ಕೆ ಎಳೆದಾಗ ಇಂಜೆಕ್ಷನ್ ಪಂಪು ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ದೂಡ್ತಿತ್ತು. ಪಂಪಿನ ಜೋಡಣೆಗಳೂ ಸೋರ್ತಿದ್ವು. ಎತ್ತರಕ್ಕೆ ಹೋದ್ರೆ ಆಯಿಲ್ ವಾಪಸ್ ತರೋ ಪಂಪಿನ ವಿನ್ಯಾಸ ಕೆಟ್ಟದ್ದು, ಆಯಿಲ್ಲಿಗೆ ಗಾಳಿ ಸೇರಿ ನೊರೆ. ನೊರೆ ಆಯಿಲ್ ಬೇರಿಂಗ್ ಕಾಯಲ್ಲ. ಕನೆಕ್ಟಿಂಗ್ ರಾಡಿನ ಬೇರಿಂಗ್ ಪುಡಿಯಾಗ್ತದೆ, ರಾಡು ಕ್ರ್ಯಾಂಕ್‌ಕೇಸ್ ಒಡ್ಕೊಂಡು ಆಚೆ ಬರ್ತದೆ, ಆಯಿಲ್ ಟ್ಯಾಂಕಿಗೆ ತೂತು ಹಾಕ್ತದೆ, ಟ್ಯಾಂಕಿನ ಆಯಿಲ್ಲೆಲ್ಲ ಆ ಕೆಂಪಗೆ ಕಾದ ಎಕ್ಸಾಸ್ಟ್ ಮೇಲೆ ಸುರೀತದೆ.

ಎಂಜಿನ್ ಹಿಂಭಾಗ ಎಲ್ಲಿತ್ತು? ರೆಕ್ಕೆಯ ಮುಖ್ಯ ಸ್ಪಾರಿಗೆ, ಅಂದ್ರೆ ರೆಕ್ಕೆಯ ಭಾರ ಹೊರೋ ತೊಲೆಗೆ ಒತ್ತಿಕೊಂಡು. ಎಂಜಿನ್ನಿನ ಮೂರರಲ್ಲಿ ಎರಡು ಪಾಲು ರೆಕ್ಕೆಯ ಮುಂಚೂಣಿ ಅಂಚಿನ ಹಿಂದೆ. ಪೆಟ್ರೋಲ್ ಪೈಪು, ಆಯಿಲ್ ಪೈಪು, ವಿದ್ಯುತ್ ತಂತಿ ಎಲ್ಲ ಆ ಸಂದಿಯಲ್ಲೇ ತುರುಕಬೇಕು. ಗಾಳಿ ಆಡಲ್ಲ. ಮೆಕ್ಯಾನಿಕ್ ಕೈ ತೂರಲ್ಲ. ಫೈರ್‌ವಾಲ್? ತೂಕ ಉಳಿಸೋಕೆ ಅಂತ ಹಾಕಿರಲೇ ಇಲ್ಲ! ಬೆಂಕಿಗೂ ರೆಕ್ಕೆಗೂ ನಡುವೆ ಒಂದು ಗೋಡೆ ಇಲ್ಲ. ಇಷ್ಟು ಓದಿದ್ಮೇಲೂ ಉಡೆಟ್ ಹೆಸರು ಹೇಳ್ತಾರಲ್ಲ, ಅವರಿಗೆ ಏನು ಹೇಳಬೇಕು?

ಅಂದಹಾಗೆ, ಇಷ್ಟು ವಿವರವಾಗಿ ಎಂಜಿನ್ ಬಿಚ್ಚಿ ಕನ್ನಡದಲ್ಲಿ ಹೇಳೋ ಚಾನೆಲ್ ಇನ್ನೂ ನಡೀಬೇಕು ಅಂದ್ರೆ ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ಹೈಂಕೆಲ್ 111ರ ಗಾಜಿನ ಮೂತಿ ಬಗ್ಗೆ ಮಾಡಿದ ಸಂಚಿಕೆಯ ಲಿಂಕ್ ಕೆಳಗಿದೆ, ಅದನ್ನೂ ನೋಡಿ.

ಈಗ ಒಬ್ಬರು ಅಂತಾರೆ, 'ಡೈವಿಗೋಸ್ಕರ ಚೌಕಟ್ಟು ಗಟ್ಟಿ ಮಾಡಿದ್ರು, ತೂಕ ಏರ್ತು, ತೂಕ ಇಳಿಸೋಕೆ ಫೈರ್‌ವಾಲ್ ಬಿಟ್ರು, ಹಾಗಾಗಿ ಕೊನೆಗೆ ಡೈವೇ ಕಾರಣ.' ಆಹಾ, ಎಷ್ಟು ಸುತ್ತು! ಡೈವ್ ಷರತ್ತು ತೂಕ ಏರಿಸಿತು, ನಿಜ. ಆದ್ರೆ ಜರ್ಮನ್ ವಾಯುಸೇನೆಯ ಮುಖ್ಯಸ್ಥ ಗೋರಿಂಗ್ ಆ ಷರತ್ತನ್ನ 1942ರ ಸೆಪ್ಟೆಂಬರ್ 15ಕ್ಕೆ ಎತ್ತಿಬಿಟ್ಟ. ಅದಕ್ಕೂ ಮುಂಚೆ ಆಗಸ್ಟಲ್ಲಿ, ಬೆಸುಗೆ ಹಾಕಿದ ಎಂಜಿನ್‌ಗಳು, ಕೈ ಹಾಕೋಕೂ ಜಾಗ ಇಲ್ಲ ಅಂತ ಕೂಗಾಡಿದ್ದ. ಗೋರಿಂಗ್‌ಗೂ ಕಂಡಿತ್ತು ನಾಸೆಲ್! ಷರತ್ತು ಹೋಯ್ತು. ಬೆಂಕಿ ಹೋಯ್ತಾ?

1944ರ ಫೆಬ್ರವರಿ 13, ರೈನೆ ವಾಯುನೆಲೆ, ಲಂಡನ್ ದಾಳಿಗೆ ಹೊರಟ 177ಗಳು 14. ಒಂದರ ಟೈರ್ ಸಿಡೀತು. ಎಂಟು ವಾಪಸ್ ಬಂದ್ವು, ಎಂಜಿನ್ ವಿಪರೀತ ಕಾದು ಇಲ್ಲಾ ಬೆಂಕಿ ಹತ್ತಿ. ಲಂಡನ್ ಮುಟ್ಟಿದ್ದು ನಾಲ್ಕೇ ನಾಲ್ಕು. ಡೈವ್ ಷರತ್ತು ಸತ್ತು ಒಂದೂವರೆ ವರ್ಷ ಆಗಿತ್ತು. ಉಡೆಟ್ ಸತ್ತು ಎರಡು ವರ್ಷ ದಾಟಿತ್ತು, 1941ರ ನವೆಂಬರಲ್ಲೇ ಗುಂಡು ಹಾರಿಸ್ಕೊಂಡಿದ್ದ. ಸತ್ತವನು ಬಂದು ಬೆಂಕಿ ಹಚ್ಚಿದ್ನಾ? ಆ ವಿಮಾನಗಳು ಹೊಸದಾಗಿ ಬಂದಿದ್ವು, ಸರಿಯಾಗಿ ಹಾರಿಸಿ ಪಳಗಿಸಿರಲಿಲ್ಲ, ನಿರ್ವಹಣೆ ಸಿಬ್ಬಂದಿ ಸಾಲದು. ಇಂಥ ನಾಸೆಲ್ ಇರೋ ವಿಮಾನಕ್ಕೆ ನಿರ್ವಹಣೆ ತಪ್ಪಿದ್ರೆ ಇನ್ನೇನಾಗ್ತದೆ?

ಅದೇ ಕಾರ್ಯಾಚರಣೆಯಲ್ಲಿ, ಲಂಡನ್ನಿನ ತನಕ ಹೋದ 177ಗಳ ಕಥೆಯನ್ನ ಯಾರೂ ಹೇಳಲ್ಲ. ಸುಮಾರು 7,000 ಮೀಟರ್ ಎತ್ತರಕ್ಕೆ ಹೋಗಿ, ಅಲ್ಲಿಂದ ಓರೆಯಾಗಿ ಇಳೀತಾ ಗಂಟೆಗೆ 700 ಕಿಲೋಮೀಟರಿನ ಹತ್ತಿರ ವೇಗ ಹಿಡಿದು ಬಾಂಬ್ ಹಾಕಿ ಓಡ್ತಿದ್ರು. ರಾತ್ರಿ ಫೈಟರಿಗೆ ಹಿಡಿಯೋಕೆ ಕಷ್ಟ. ಆ ದಾಳಿಗಳಲ್ಲಿ ಬೇರೆ ಜರ್ಮನ್ ಬಾಂಬರ್‌ಗಳಿಗಿಂತ 177ರ ನಷ್ಟದ ಪ್ರಮಾಣ ಕಡಿಮೆ. ವಿಮಾನ ಕೆಟ್ಟದ್ದಲ್ಲ. ಗೂಡು ಕೆಟ್ಟದ್ದು.

ಸರಿಪಡಿಸೋಕೂ ಆಗ್ತಿತ್ತು, ಅದೇ ಹೊಟ್ಟೆ ಉರಿಸೋದು. ಎ-3 ಮಾದರಿಯಲ್ಲಿ ಎಂಜಿನ್ನನ್ನ 20 ಸೆಂಟಿಮೀಟರ್ ಮುಂದಕ್ಕೆ ತಂದ್ರು, ತೂಕ ಸರಿದೂಗಿಸೋಕೆ ಹಿಂಬದಿಯ ಒಡಲನ್ನ 1.6 ಮೀಟರ್ ಉದ್ದ ಮಾಡಿದ್ರು. ಎಂಜಿನ್ ಅಳವಡಿಕೆಗೆ 56 ಸಣ್ಣಸಣ್ಣ ಬದಲಾವಣೆಗಳ ಪಟ್ಟಿ ಮಾಡಿದ್ರು. ಅವನ್ನ ಅಳವಡಿಸಿದ ವಿಮಾನಗಳಲ್ಲಿ ಬೆಂಕಿ ಬಹುಮಟ್ಟಿಗೆ ನಿಂತಿತು. 1944ರ ಬೇಸಿಗೆಯಲ್ಲಿ ಪೂರ್ವ ಪ್ರಷ್ಯಾದಿಂದ ಹೋರ್ಸ್ಟ್ ಫಾನ್ ರೀಸೆನ್ ಮುಂದಾಳತ್ವದ ಕೆಜಿ 1 ಅನ್ನೋ ಬಾಂಬರ್ ತಂಡ ಹತ್ತಿರ ಹತ್ತಿರ 90 ವಿಮಾನ ಒಟ್ಟಿಗೆ ಹಗಲಲ್ಲೇ ಹಾರಿಸ್ತು. ಪೈಲಟ್‌ಗಳಿಗೆ ಕಲಿಸಿದ್ದು ಥ್ರಾಟಲ್ ಗಕ್ಕನೆ ತಳ್ಳಬೇಡಿ, ನಯವಾಗಿ ಆಡಿಸಿ ಅಂತ. ಎಂಜಿನ್ ತಂಟೆ ವಿರಳ. ಜೋಡಿ ಎಂಜಿನ್ನೇ ಶಾಪ ಆಗಿದ್ರೆ 90 ವಿಮಾನ ಹೇಗ್ರೀ ಮೇಲೇಳ್ತಿತ್ತು?

ಇನ್ನೊಂದು ಸಾಕ್ಷಿ. ಮೆಸ್ಸರ್‌ಶ್ಮಿಟ್ 261. ಅದೂ ಜೋಡಿ ಎಂಜಿನ್. ಅದರ ಮೂರನೇ ವಿಮಾನ 1943ರ ಏಪ್ರಿಲಲ್ಲಿ ಹತ್ತು ಗಂಟೆ ಹಾರಿ ಸುಮಾರು 4,500 ಕಿಲೋಮೀಟರ್ ಕ್ರಮಿಸ್ತು. ಇನ್ನು ಒಂಟಿ ಡಿಬಿ 601? ಮೆಸ್ಸರ್‌ಶ್ಮಿಟ್ 109, 110ರಲ್ಲಿ ಇದ್ದದ್ದೇ ಅದು. ಅಲ್ಲಿ ಒಳ್ಳೇ ಎಂಜಿನ್, ಇಲ್ಲಿ ಚಿತೆ. ವ್ಯತ್ಯಾಸ ಯಾವುದು? ನಾಸೆಲ್! ನಾಸೆಲ್!

ಈ ವಾದದ ಗದ್ದಲದಲ್ಲಿ ಒಳಗೆ ಕೂತಿದ್ದ ಆರು ಜನರನ್ನ ಮರೀತೀವಿ. ಬಾಲದ ಕೊನೇಲಿ ಒಬ್ಬ ಗನ್ನರ್, ಉಳಿದವರಿಂದ ದೂರ. 1943ರ ಜನವರಿಯಲ್ಲಿ ಸ್ಟಾಲಿನ್‌ಗ್ರಾಡಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಜರ್ಮನ್ ಸೇನೆಗೆ ಸಾಮಾನು ಸಾಗಿಸೋಕೆ ಇದೇ ವಿಮಾನ ಕಳಿಸಿದ್ರು, ತಂಡದ ಮುಖ್ಯಸ್ಥ ಮೇಜರ್ ಶೀಡೆ ಮೊದಲ ಹಾರಾಟದಲ್ಲೇ ವಾಪಸ್ ಬರಲಿಲ್ಲ. ಈ ವಿಮಾನಕ್ಕೆ ಬಲಿಯಾದವರನ್ನೂ ನೆನೀಬೇಕು. 1943ರ ನವೆಂಬರ್ 26ಕ್ಕೆ ಆಲ್ಜೀರಿಯಾ ಕರಾವಳಿಯಾಚೆ ಒಂದು 177 ಬಿಟ್ಟ ಹೆನ್ಷೆಲ್ 293 ರೇಡಿಯೋ ನಿಯಂತ್ರಿತ ಬಾಂಬು ರೋಹ್ನಾ ಹಡಗಿಗೆ ಬಡೀತು. ಸತ್ತ ಅಮೆರಿಕನ್ ಸೈನಿಕರೇ 1,015. ಅದು ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗು, ದುಡಿಯೋ ನಾವಿಕರಲ್ಲಿ ಬಹುಪಾಲು ನಮ್ಮ ದೇಶದವರು. ಅವರ ಬಗ್ಗೆ ಒಂದು ಕಮೆಂಟೂ ಬರಲ್ಲ. ಉಡೆಟ್ ಬಗ್ಗೆ ಮಾತ್ರ ಬರ್ತದೆ.

ಹಾಗಾದ್ರೆ ನಾಲ್ಕು ಬೇರೆಬೇರೆ ಎಂಜಿನ್ ಇರೋ 177ಬಿ? ಹಾರಿದ್ದು 1943ರ ಡಿಸೆಂಬರಲ್ಲಿ. ತಡ ಆಯ್ತು, ಬಿಡಿ, ಅದು ಬೇರೆ ಸಂಚಿಕೆ. ಕೆಳಗೆ ಬಂದು 'ಆದ್ರೂ ಡೈವ್' ಅನ್ನೋರು ಮೊದಲು ಇಸವಿ ಬರೀರಿ, ಆಮೇಲೆ ವಾದ ಮಾಡಿ. ಇಸವಿ ಇಲ್ಲದ ಕಮೆಂಟಿಗೆ ನಾನು ಉತ್ತರ ಕೊಡಲ್ಲ. ನಾಸೆಲ್ ಅಂದ್ರೆ ನಾಸೆಲ್. ಡೈವ್ ಬ್ರೇಕಿನ ಫೋಟೋ ಕಳಿಸ್ತೀನಿ ಅನ್ನೋರೂ ಇದ್ದಾರೆ, ಕಳಿಸಿ, ಅದರಲ್ಲೂ ಎಂಜಿನ್ ಎಲ್ಲಿದೆ ಅಂತ ತೋರಿಸ್ತೀನಿ! ಮೆಂಬರ್‌ಶಿಪ್ ತಗೊಂಡವರಿಗೆ ಡಿಬಿ 606ರ ಅಡ್ಡಸೀಳಿನ ನಕ್ಷೆ ನಾಳೆ ಹಾಕ್ತೀನಿ, ಒಂದೊಂದು ಪೈಪಿಗೂ ಕನ್ನಡದಲ್ಲಿ ಹೆಸರು ಬರೆದು. ಮುಂದಿನ ವಾರ ಯುಂಕರ್ಸ್ 88. ಅದಕ್ಕೆ ನಿಜವಾಗಲೂ ಡೈವ್ ಷರತ್ತು ಕಾಟ ಕೊಟ್ಟಿದೆ, ಅಲ್ಲಿ ಬನ್ನಿ, ಉಡೆಟ್‌ಗೆ ಎಷ್ಟು ಬೇಕೋ ಅಷ್ಟು ಬೈಯೋಣ.