ಎರಡು ಕಂಪನಿಯ ಲೈನ್ ಇದ್ದರೆ ಸಾಕಾ?

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಹಲವರು ಬೆಂಗಳೂರಿನಲ್ಲಿ ಕಂಪನಿ ಕಟ್ಟಿ, ಈಗ ದುಬೈ, ಸಿಂಗಪುರ, ಜರ್ಮನಿ ಕಡೆ ಆಫೀಸ್ ತೆರೆಯಲು ಹೊರಟವರು. ಬಾಡಿಗೆ, ವೀಸಾ, ತೆರಿಗೆ ಬಗ್ಗೆ ಆಗಲೇ ನಾಲ್ಕು ಜನರನ್ನು ವಿಚಾರಿಸಿರುತ್ತೀರಿ. ನೆಟ್‌ವರ್ಕ್ ವಿಷಯ ಬಂದಾಗ ಮಾತ್ರ "ಎರಡು ಕಂಪನಿಯ ಲೈನ್ ಹಾಕಿಸ್ತೀವಿ, ಒಂದು ಹೋದ್ರೆ ಇನ್ನೊಂದು ಇರುತ್ತಲ್ಲ" ಅನ್ನುವ ಮಾತು ಕೇಳುತ್ತೇನೆ. ಇವತ್ತು ಆ ಮಾತಿನ ಬಗ್ಗೆಯೇ ಮಾತಾಡಬೇಕು ಅಂತ ಬಂದಿದ್ದೇನೆ.

ಮೊದಲು ನಕ್ಷೆ ನೋಡೋಣ. ಬೆಂಗಳೂರಿಗೆ ಸಮುದ್ರ ಇಲ್ಲ. ನಮ್ಮ ಡೇಟಾ ನೆಲದಡಿಯ ಫೈಬರ್‌ನಲ್ಲಿ ಹೆಚ್ಚಾಗಿ ಚೆನ್ನೈಗೋ ಮುಂಬೈಗೋ ಹೋಗುತ್ತದೆ. ಅಲ್ಲಿಂದ ಮುಂದೆ ಸಮುದ್ರದಡಿಯ ಕೇಬಲ್. ಚೆನ್ನೈನಿಂದ ಪೂರ್ವಕ್ಕೆ ಹೊರಟರೆ ಸಿಂಗಪುರ. ಮುಂಬೈನಿಂದ ಪಶ್ಚಿಮಕ್ಕೆ ಹೊರಟರೆ ಅರಬ್ಬಿ ಸಮುದ್ರ, ಆಮೇಲೆ ಯೆಮನ್ ಪಕ್ಕದ ಬಾಬ್ ಎಲ್ ಮಂದೆಬ್ ಜಲಸಂಧಿ, ಕೆಂಪು ಸಮುದ್ರ, ಈಜಿಪ್ಟ್, ಮೆಡಿಟರೇನಿಯನ್, ಕೊನೆಗೆ ಯುರೋಪ್. ಈ ಕೇಬಲ್‌ಗಳಿಗೆ ಹೆಸರು ಹಲವು, ಮಾಲೀಕರು ಹಲವರು. ದಾರಿ ಮಾತ್ರ ಹೆಚ್ಚುಕಮ್ಮಿ ಒಂದೇ.

ಅದರ ಫಲ ಏನು? 2008ರ ಜನವರಿ 30ರಂದು ಈಜಿಪ್ಟ್‌ನ ಅಲೆಕ್ಸಾಂಡ್ರಿಯಾ ಹತ್ತಿರ ಸೀ-ಮೀ-ವೀ 4 ಮತ್ತು ಫ್ಲ್ಯಾಗ್ ಕೇಬಲ್‌ಗಳು ಒಂದೇ ದಿನ ತುಂಡಾದವು. ಒಂದು ಲೈನ್ ಇದರ ಮೇಲೆ, ಇನ್ನೊಂದು ಅದರ ಮೇಲೆ ಇಟ್ಟುಕೊಂಡು ನೆಮ್ಮದಿಯಾಗಿದ್ದವರಿಗೆ ಎರಡೂ ಹೋದವು. 2024ರ ಫೆಬ್ರವರಿಯಲ್ಲಿ ಯೆಮನ್‌ನ ಹೂತಿ ಬಂಡುಕೋರರ ಕ್ಷಿಪಣಿ ತಗುಲಿದ ರೂಬಿಮಾರ್ ಹಡಗನ್ನು ಸಿಬ್ಬಂದಿ ಬಿಟ್ಟುಹೋದರು. ಅದು ತೇಲುತ್ತಾ ಹೋಯಿತು. ಅದರ ಲಂಗರು ಸಮುದ್ರದ ತಳವನ್ನು ಎಳೆದುಕೊಂಡು ಹೋಗಿಯೇ ಕೆಂಪು ಸಮುದ್ರದ ಮೂರು ಕೇಬಲ್‌ಗಳು ಹಾಳಾದವು ಅಂತ ಬಲವಾದ ಅನುಮಾನ. 2025ರ ಸೆಪ್ಟೆಂಬರ್‌ನಲ್ಲಿ ಸೌದಿಯ ಜೆಡ್ಡಾ ಹತ್ತಿರ ಮತ್ತೆ ಅದೇ ಕಥೆ. ಸೀ-ಮೀ-ವೀ 4 ಮತ್ತು ಐಎಂಇಡಬ್ಲ್ಯೂಇ ಎರಡೂ ಕೇಬಲ್‌ಗಳು ಕೆಟ್ಟವು. ಕೆಂಪು ಸಮುದ್ರದ ಕೇಬಲ್ ಕಡಿತದಿಂದ ತನ್ನ ಅಜೂರ್ ಕ್ಲೌಡ್ ಸೇವೆ ನಿಧಾನವಾಗಬಹುದು ಎಂದು ಮೈಕ್ರೋಸಾಫ್ಟ್ ಗ್ರಾಹಕರಿಗೆ ತಿಳಿಸಬೇಕಾಯಿತು.

ಮಂಗಳೂರಿಗೆ ಹೋಗಲು ಎರಡು ಬಸ್ ಕಂಪನಿಯ ಟಿಕೆಟ್ ಇಟ್ಟುಕೊಂಡಿದ್ದೀರಿ ಅಂದುಕೊಳ್ಳಿ. ಎರಡೂ ಬಸ್ ಶಿರಾಡಿ ಘಾಟಿಯಲ್ಲೇ ಹೋಗುವುದಾದರೆ, ಮಳೆಗಾಲದಲ್ಲಿ ಗುಡ್ಡ ಕುಸಿದ ದಿನ ಎರಡು ಟಿಕೆಟ್‌ನಿಂದ ಏನು ಪ್ರಯೋಜನ?

ಕೇಬಲ್ ತುಂಡಾಗುವುದು ಅಪರೂಪದ ಸಂಗತಿ ಏನಲ್ಲ. ಜಗತ್ತಿನಲ್ಲಿ ವರ್ಷಕ್ಕೆ 150ರಿಂದ 200 ಕಡೆ ಸಮುದ್ರದಡಿಯ ಕೇಬಲ್ ಕೆಡುತ್ತದೆ. ಹೆಚ್ಚಿನವಕ್ಕೆ ಮೀನುಗಾರಿಕೆಯ ಬಲೆ ಮತ್ತು ಹಡಗಿನ ಲಂಗರು ಕಾರಣ. ದುರಸ್ತಿಗೆ ವಿಶೇಷ ಹಡಗು ಬೇಕು, ಆ ದೇಶದ ಅನುಮತಿ ಬೇಕು, ಹವಾಮಾನ ಸರಿ ಇರಬೇಕು. ವಾರಗಟ್ಟಲೆ ಹಿಡಿಯಬಹುದು.

ಸ್ವಲ್ಪ ಲೆಕ್ಕ ಹಾಕೋಣ. ಒಂದು ಲೈನ್ ವರ್ಷದಲ್ಲಿ ಶೇ. 99.5ರಷ್ಟು ಹೊತ್ತು ಚೆನ್ನಾಗಿರುತ್ತದೆ ಅಂದರೆ, ಸುಮಾರು 44 ಗಂಟೆ ಕೆಟ್ಟಿರುತ್ತದೆ. ಇಂಥದ್ದೇ ಎರಡು ಲೈನ್, ಒಂದಕ್ಕೊಂದು ಸಂಬಂಧವೇ ಇಲ್ಲದ ದಾರಿಯಲ್ಲಿ ಇದ್ದರೆ, ಎರಡೂ ಒಟ್ಟಿಗೆ ಕೆಡುವ ಹೊತ್ತು ವರ್ಷಕ್ಕೆ 13 ನಿಮಿಷ ಮಾತ್ರ. 44 ಗಂಟೆ ಎಲ್ಲಿ, 13 ನಿಮಿಷ ಎಲ್ಲಿ! ಆದರೆ "ಸಂಬಂಧವೇ ಇಲ್ಲದ" ಅನ್ನುವ ಷರತ್ತು ಮುರಿದರೆ ಈ ಲೆಕ್ಕ ಪೂರ್ತಿ ಬಿದ್ದುಹೋಗುತ್ತದೆ. ಅದನ್ನು ಮುರಿಯಲು ಕೆಂಪು ಸಮುದ್ರವೇ ಬೇಕಿಲ್ಲ. ನಿಮ್ಮ ಆಫೀಸ್ ಎದುರು ರಸ್ತೆ ಅಗೆಯುವ ಜೆಸಿಬಿ ಸಾಕು. ಎರಡೂ ಫೈಬರ್ ಒಂದೇ ಪೈಪಿನಲ್ಲಿ ಕಟ್ಟಡದೊಳಗೆ ಬಂದಿದ್ದರೆ ಒಂದೇ ಏಟಿಗೆ ಎರಡೂ ಹೋಗುತ್ತವೆ.

ಹಾಗಾಗಿ ಲೈನ್ ಕೊಡುವವರನ್ನು ಸ್ಪೀಡ್ ಎಷ್ಟು, ರೇಟ್ ಎಷ್ಟು ಅಂತ ಕೇಳುವ ಮೊದಲು ದಾರಿ ಕೇಳಿ. ಕೆಎಂಝಡ್ ಫೈಲ್ ಕೊಡಿ ಅನ್ನಿ. ಫೈಬರ್ ಹೋಗುವ ದಾರಿಯನ್ನು ನಕ್ಷೆಯ ಮೇಲೆ ಗೆರೆ ಎಳೆದು ತೋರಿಸುವ ಫೈಲ್ ಅದು. ಎರಡೂ ಕಂಪನಿಯ ಫೈಲನ್ನು ಒಂದರ ಮೇಲೊಂದು ಇಟ್ಟು ನೋಡಿ. ಗೆರೆಗಳು ಎಲ್ಲಿ ಕೂಡುತ್ತವೋ ಅಲ್ಲೇ ನಿಮ್ಮ ಅಪಾಯ ಇದೆ. ಆಮೇಲೆ ಒಪ್ಪಂದದಲ್ಲಿ ಒಂದು ಸಾಲು ಸೇರಿಸಿ: ನಮಗೆ ತಿಳಿಸದೆ ದಾರಿ ಬದಲಿಸುವಂತಿಲ್ಲ. ಇದು ತುಂಬಾ ಮುಖ್ಯ. ಲೈನ್ ಕಂಪನಿಗಳು ತಮ್ಮ ಅನುಕೂಲಕ್ಕೆ ಆಗಾಗ ಗ್ರಾಹಕರನ್ನು ಒಂದು ಕೇಬಲ್‌ನಿಂದ ಇನ್ನೊಂದಕ್ಕೆ ಸರಿಸುತ್ತವೆ. ಇವತ್ತು ಬೇರೆ ಬೇರೆ ಇದ್ದ ದಾರಿ ಮುಂದಿನ ವರ್ಷ ಒಂದೇ ಆಗಿರಬಹುದು.

ಯುರೋಪಿಗೆ ಎರಡನೇ ದಾರಿಯನ್ನು ಪೂರ್ವದ ಕಡೆಯಿಂದ ಹಿಡಿದರೆ ಏನಾಗುತ್ತದೆ? ಸಿಂಗಪುರ, ಪೆಸಿಫಿಕ್, ಅಮೆರಿಕ, ಅಟ್ಲಾಂಟಿಕ್. ಸುತ್ತು ಜಾಸ್ತಿ. ಫೈಬರ್‌ನಲ್ಲಿ ಬೆಳಕು 1,000 ಕಿಲೋಮೀಟರ್ ಹೋಗಿ ಬರಲು 10 ಮಿಲಿಸೆಕೆಂಡ್ ಬೇಕು (ಸಾವಿರ ಮಿಲಿಸೆಕೆಂಡ್ ಅಂದರೆ ಒಂದು ಸೆಕೆಂಡ್). ಎಷ್ಟು ದುಡ್ಡು ಕೊಟ್ಟರೂ ಇದು ಕಮ್ಮಿ ಆಗಲ್ಲ. ನೇರ ದಾರಿಯಲ್ಲಿ ಫ್ರಾಂಕ್‌ಫರ್ಟ್‌ಗೆ ಹೋಗಿ ಬರಲು 150 ಮಿಲಿಸೆಕೆಂಡ್ ಆಸುಪಾಸು ಸಾಕು. ಈ ಸುತ್ತು ದಾರಿಯಲ್ಲಿ ಅದು 300 ದಾಟಬಹುದು. ಇಮೇಲ್‌ಗೆ ಏನೂ ತೊಂದರೆ ಇಲ್ಲ. ಆದರೆ ಅಕೌಂಟ್ಸ್ ಸಾಫ್ಟ್‌ವೇರ್ ಒಂದು ಪರದೆ ತೆರೆಯಲು ಬೆಂಗಳೂರಿನ ಡೇಟಾಬೇಸನ್ನು ನೂರು ಸಲ ಕೇಳುವಂಥದ್ದಾದರೆ, ಫ್ರಾಂಕ್‌ಫರ್ಟ್‌ನಲ್ಲಿ ಕೂತವರು 30 ಸೆಕೆಂಡ್ ಕಾಯಬೇಕು. ಅಂಥ ಸಾಫ್ಟ್‌ವೇರನ್ನು ಬಳಸುವವರ ಹತ್ತಿರದ ಡೇಟಾ ಸೆಂಟರ್‌ನಲ್ಲೇ ಇಡಿ. ಆಫೀಸ್ ತೆರೆಯುವ ಮೊದಲೇ, ಬೇಕೆಂದೇ 300 ಮಿಲಿಸೆಕೆಂಡ್ ತಡ ಹಾಕಿ ಇಲ್ಲೇ ಓಡಿಸಿ ನೋಡಿ. ಅದಕ್ಕೆ ದುಬಾರಿ ಸಾಧನ ಬೇಕಿಲ್ಲ, ಲಿನಕ್ಸ್ ಹಾಕಿದ ಒಂದು ಕಂಪ್ಯೂಟರ್ ಸಾಕು.

ಕೇಬಲ್ ಗಟ್ಟಿ ಇದ್ದರೂ ಎಲ್ಲ ನಿಲ್ಲಬಹುದು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಮ್ ಆರು ಗಂಟೆಯಷ್ಟು ಹೊತ್ತು ಇರಲಿಲ್ಲ, ನೆನಪಿದೆಯಾ? ನಿರ್ವಹಣೆ ವೇಳೆ ಕೊಟ್ಟ ಒಂದು ಕಮಾಂಡ್ ಅವರ ಡೇಟಾ ಸೆಂಟರ್‌ಗಳ ನಡುವಿನ ಸಂಪರ್ಕವನ್ನೇ ಕೆಡವಿತು. ಸರಿಪಡಿಸಲು ಬೇಕಾದ ಒಳಗಿನ ಸಾಧನಗಳೂ ಅದೇ ನೆಟ್‌ವರ್ಕ್ ಮೇಲೆ ಇದ್ದವು, ಅವೂ ಕೆಲಸ ಮಾಡಲಿಲ್ಲ. 2022ರ ಜುಲೈ 8ರಂದು ಕೆನಡಾದ ಟೆಲಿಕಾಂ ಕಂಪನಿ ರಾಜರ್ಸ್‌ಗೂ ಹೀಗೇ ಆಯಿತು. ಇಂಜಿನಿಯರ್‌ಗಳು ತಮ್ಮದೇ ನೆಟ್‌ವರ್ಕ್ ಇಲ್ಲದೆ ಒಬ್ಬರನ್ನೊಬ್ಬರು ಸಂಪರ್ಕಿಸಲು ಪರದಾಡಿದರು. ದೇಶದ ಇಂಟರಾಕ್ ಡೆಬಿಟ್ ಪಾವತಿಯೂ ನಿಂತಿತು. ನಿಮ್ಮ ಕಂಪನಿ ಅಷ್ಟು ದೊಡ್ಡದಿರಲಿಕ್ಕಿಲ್ಲ. ಆದರೂ ಪ್ರತಿ ಆಫೀಸಿನ ರೂಟರ್‌ಗೂ ಬೇರೆ ಕಂಪನಿಯ ಒಂದು ಮೊಬೈಲ್ ಸಿಮ್ ಮೂಲಕ ಒಳಗೆ ಹೋಗುವ ದಾರಿ ಇಡಿ. ಆ ಊರಿನಲ್ಲಿ ಸರ್ವರ್ ಕೋಣೆಯ ಕೀಲಿ ಯಾರ ಹತ್ತಿರ ಇದೆ, ಅವರ ಫೋನ್ ನಂಬರ್ ಏನು ಅನ್ನುವುದನ್ನು ಕಾಗದದ ಮೇಲೆ ಬರೆದಿಡಿ.

ಇನ್ನು ಕಾನೂನು. ಚೀನಾದಲ್ಲಿ ಆಫೀಸ್ ತೆರೆದು, ಬೆಂಗಳೂರಿಗೆ ಸುಮ್ನೆ ಒಂದು ವಿಪಿಎನ್, ಅಂದರೆ ಇಂಟರ್ನೆಟ್ ಮೇಲೆ ನಿಮ್ಮದೇ ಗುಪ್ತ ದಾರಿ, ಹಾಕಿಕೊಂಡರೆ ನಡೆಯಲ್ಲ. ದೇಶದ ಹೊರಗಿನ ಸಂಪರ್ಕವನ್ನು ಅನುಮತಿ ಇರುವ ಅಲ್ಲಿನ ಕಂಪನಿಗಳಿಂದಲೇ ಪಡೆಯಬೇಕು. ಯುಎಇಯಲ್ಲಿ ಇಂಟರ್ನೆಟ್ ಕರೆಗಳಿಗೆ ನಿರ್ಬಂಧ ಇದೆ, ನೀವು ಇಲ್ಲಿ ಬಳಸುವ ಆ್ಯಪ್‌ನಲ್ಲಿ ಅಲ್ಲಿ ಮಾತಾಡಲು ಆಗದಿರಬಹುದು. ನಮ್ಮಲ್ಲೂ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶದ ಪ್ರಕಾರ ಸೈಬರ್ ದಾಳಿಯಂಥ ಘಟನೆಗಳನ್ನು 6 ಗಂಟೆಯೊಳಗೆ ತಿಳಿಸಬೇಕು, 180 ದಿನದ ಲಾಗ್, ಅಂದರೆ ಕಂಪ್ಯೂಟರ್‌ಗಳಲ್ಲಿ ಏನೇನು ನಡೆಯಿತು ಅನ್ನುವ ದಾಖಲೆ, ಇಡಬೇಕು. ಪ್ರತಿ ದೇಶದಲ್ಲೂ ಇದನ್ನು ಮೊದಲೇ ವಿಚಾರಿಸಿ. 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗ ಅಮೆರಿಕದ ಜೊತೆ ಕೆಲಸ ಮಾಡಲು ಅದಕ್ಕೂ ಉಪಗ್ರಹ ಸಂಪರ್ಕ ಬೇಕಾಯಿತು. ಸರ್ಕಾರದ ಒಪ್ಪಿಗೆ ಇಲ್ಲದೆ ಅದು ಆಗುವಂತಿರಲಿಲ್ಲ. ಈ ಊರಿನ ಐಟಿ ಕಥೆ ಶುರುವಾದದ್ದೇ ಅಂಥ ಒಂದು ಲಿಂಕ್‌ನಿಂದ, ಅಲ್ವಾ?

ಕೊನೆಯದಾಗಿ, ಎಲ್ಲ ಹಾಕಿಸಿದ ಮೇಲೆ ಪರೀಕ್ಷೆ ಮಾಡಿ. ಭಾನುವಾರ ರಾತ್ರಿ ಬೇಡ, ಕೆಲಸದ ದಿನ, ಜನ ಕೂತಿರುವಾಗಲೇ ಮಾಡಿ. ಎಲ್ಲರಿಗೂ ಮೊದಲೇ ಹೇಳಿ, ಮುಖ್ಯ ಲೈನ್‌ನ ಕೇಬಲ್ ಕೀಳಿ. ಎರಡನೇದು ಎಷ್ಟು ಸೆಕೆಂಡಿಗೆ ಹಿಡಿಯಿತು, ಯಾರ ಕರೆ ಕಟ್ ಆಯಿತು, ಯಾವ ಸಾಫ್ಟ್‌ವೇರ್ ಮತ್ತೆ ಲಾಗಿನ್ ಕೇಳಿತು, ಎಲ್ಲ ಬರೆದುಕೊಳ್ಳಿ. ಮೂರು ತಿಂಗಳಿಗೊಮ್ಮೆ ಇದನ್ನು ಮಾಡಿ. ಎರಡನೇ ಲೈನ್ ಯಾವಾಗಲೋ ಕೆಟ್ಟು ಯಾರಿಗೂ ಗೊತ್ತೇ ಆಗದೆ ಇರುವುದು ನಮ್ಮ ಕೆಲಸದಲ್ಲಿ ಬಹಳ ಸಾಮಾನ್ಯ.

ಇನ್ನು ಪ್ರಶ್ನೆಗಳಿಗೆ ಸಮಯ. ನಿಮ್ಮ ಲೈನ್‌ಗಳ ನಕ್ಷೆ ತಂದಿದ್ದರೆ ಮುಂದೆ ಬನ್ನಿ, ಒಟ್ಟಿಗೆ ಕೂತು ನೋಡೋಣ.