ಒಮ್ಮೆ ಕೈಕೊಟ್ಟ ಬ್ರೇಕ್

ನಮಸ್ಕಾರ. ನಿಮ್ಮ ಕಾರಿನ ಬ್ರೇಕ್ ಒಂದು ಸಲ ಹಿಡಿಯಲಿಲ್ಲ, ಪೆಡಲ್ ಪೂರ್ತಿ ಕೆಳಗೆ ಹೋಯಿತು ಅಂದುಕೊಳ್ಳಿ. ಎರಡನೇ ಸಲ ಒತ್ತಿದಾಗ ಹಿಡಿಯಿತು. ಗ್ಯಾರೇಜಿನವರು ಒಂದು ರೌಂಡ್ ಓಡಿಸಿ, ‘ಬ್ರೇಕ್ ಚೆನ್ನಾಗಿದೆ, ಆರಾಮಾಗಿ ಓಡಿಸಿ’ ಅಂತ ಕೀ ವಾಪಸ್ ಕೊಟ್ಟರು. ಮಾರನೇ ದಿನ ಅದೇ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೊರಡುತ್ತೀರಿ. ದಯವಿಟ್ಟು ಹೊರಡಬೇಡಿ. ಏನೂ ಸಿಗಲಿಲ್ಲ ಅಂದರೆ ಕಾರು ಸರಿ ಇದೆ ಅಂತಲ್ಲ, ಹುಡುಕುವ ಕೆಲಸ ಇನ್ನೂ ಮುಗಿದಿಲ್ಲ ಅಂತ.

ಬಂದು ಹೋಗುವ ದೋಷ ಗ್ಯಾರೇಜಿನಲ್ಲಿ ಯಾಕೆ ಸಿಗುವುದಿಲ್ಲ ಗೊತ್ತಾ? ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಮಾಸ್ಟರ್ ಸಿಲಿಂಡರನ್ನೇ ತಗೊಳ್ಳಿ. ಅದರೊಳಗಿನ ರಬ್ಬರ್ ಸೀಲ್ ಸವೆದರೆ, ಚಕ್ರಕ್ಕೆ ಹೋಗಬೇಕಾದ ಬ್ರೇಕ್ ಆಯಿಲ್ ಸೀಲ್ ಪಕ್ಕದಿಂದ ಹಿಂದಕ್ಕೆ ನುಸುಳುತ್ತದೆ. ಹೊರಗೆ ಒಂದು ಹನಿಯೂ ಬೀಳುವುದಿಲ್ಲ, ಡಬ್ಬಿಯಲ್ಲಿ ಆಯಿಲ್ ಮಟ್ಟವೂ ಇಳಿಯುವುದಿಲ್ಲ. ಜೋರಾಗಿ ತುಳಿದರೆ ಸೀಲಿನ ಅಂಚು ಸಿಲಿಂಡರಿನ ಗೋಡೆಗೆ ಒತ್ತಿಕೊಳ್ಳುತ್ತದೆ, ಬ್ರೇಕ್ ಹಿಡಿಯುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಮೆಲ್ಲಗೆ ಕಾಲಿಟ್ಟಿರುತ್ತೀರಲ್ಲ, ಆಗಲೇ ಆಯಿಲ್ ನುಸುಳಿ ಪೆಡಲ್ ಕೆಳಗೆ ಜಾರುವುದು. ಮೆಕ್ಯಾನಿಕ್ ಪರೀಕ್ಷೆ ಮಾಡುವಾಗ ಗಟ್ಟಿಯಾಗಿಯೇ ತುಳಿಯುತ್ತಾರೆ, ದೋಷ ಅಲ್ಲೇ ತಪ್ಪಿಸಿಕೊಳ್ಳುತ್ತದೆ.

ಇದನ್ನು ನೀವೇ ನೋಡಬಹುದು. ಕಾರು ಸಮತಟ್ಟು ಜಾಗದಲ್ಲಿರಲಿ, ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಹಾಕಿರಲಿ, ಎಂಜಿನ್ ಚಾಲೂ ಇರಲಿ. ಪೆಡಲನ್ನು ಹಗುರವಾಗಿ ಒತ್ತಿ, ಅರ್ಧ ನಿಮಿಷ ಹಾಗೇ ಹಿಡಿಯಿರಿ. ಕಾಲು ನಿಧಾನವಾಗಿ ಕೆಳಗಿಳಿಯುತ್ತಲೇ ಹೋದರೆ ಆ ಕಾರು ರಸ್ತೆಗೆ ಇಳಿಯಬಾರದು. ಆಯಿಲ್ ಕಡಿಮೆಯಾಗುತ್ತಿದೆ, ಆದರೆ ನೆಲದ ಮೇಲೆ ಕಲೆ ಇಲ್ಲ ಅಂದರೆ ಬೂಸ್ಟರ್ (ನಿಮ್ಮ ಕಾಲಿನ ಒತ್ತಡವನ್ನು ಹೆಚ್ಚಿಸಿ ಕೊಡುವ ಭಾಗ) ಒಳಗೂ ನೋಡಿಸಿ. ಮಾಸ್ಟರ್ ಸಿಲಿಂಡರಿನ ಹಿಂಬದಿಯಿಂದ ಅಲ್ಲಿಗೆ ಸೋರುವುದುಂಟು.

ಉದ್ದ ಇಳಿಜಾರಿನಲ್ಲಿ ಬ್ರೇಕ್ ತುಳಿಯುತ್ತಾ ಬಂದಾಗ ಪೆಡಲ್ ಮೆತ್ತಗಾಗಿ, ಆಮೇಲೆ ತಾನೇ ಸರಿಯಾಯಿತಾ? ಆಗ ಹಳೇ ಆಯಿಲ್ ಮೇಲೆ ನನ್ನ ಅನುಮಾನ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ಶೇ. 3.7ರಷ್ಟು ನೀರು ಸೇರಿದರೆ 155 ಡಿಗ್ರಿಗೇ ಕುದಿಯಬಹುದು. ಕುದ್ದರೆ ಪೈಪಿನಲ್ಲಿ ಆವಿ, ಆವಿ ಇದ್ದರೆ ಒತ್ತಡ ಚಕ್ರಕ್ಕೆ ಮುಟ್ಟುವುದಿಲ್ಲ. ಗ್ಯಾರೇಜ್ ತಲುಪುವಷ್ಟರಲ್ಲಿ ಎಲ್ಲ ತಣ್ಣಗಾಗಿರುತ್ತದೆ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಅಂತ ಎಷ್ಟೋ ಕಾರುಗಳ ಪುಸ್ತಕದಲ್ಲೇ ಬರೆದಿರುತ್ತದೆ. ನಾವು ಎಂಜಿನ್ ಆಯಿಲ್ ನೆನಪಿಡುತ್ತೇವೆ, ಇದನ್ನು ಮರೆಯುತ್ತೇವೆ.

ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು ಅಂದರೆ ದಾರಿಯೇ ಬೇರೆ: ಬೂಸ್ಟರ್, ಅದರ ವ್ಯಾಕ್ಯೂಮ್ ಹೋಸ್, ವಾಲ್ವ್. ಒಣ ರಸ್ತೆಯಲ್ಲಿ, ಇನ್ನೇನು ನಿಲ್ಲಬೇಕು ಅನ್ನುವಾಗ ಪೆಡಲ್ ಗಡಗಡ ನಡುಗಿ ಕಾರು ಮುಂದೆ ಜಾರಿತಾ? ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಚಕ್ರದ ವೇಗ ತಿಳಿಯಲು ಬಳಸುವ ಸೆನ್ಸರ್ ನೋಡಿಸಿ. ಎಚ್ಚರಿಕೆ ದೀಪ ಹೊತ್ತಿಕೊಳ್ಳದೆಯೂ ಇರಬಹುದು. ಹಾಗಾಗಿ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಸಿ, ಓಡಿಸುವಾಗ ನಾಲ್ಕೂ ಚಕ್ರದ ವೇಗ ನೋಡಬೇಕು. ಒಂದು ಮಾತ್ರ ಮೊದಲೇ ಸೊನ್ನೆಗೆ ಬಿದ್ದರೆ ಕಳ್ಳ ಸಿಕ್ಕ ಹಾಗೆ. ಇನ್ನು ತಿರುವು ದಾಟಿದ ಮೇಲೆ ಮಾತ್ರ ಮೊದಲ ತುಳಿತ ಖಾಲಿ ಹೋಗುತ್ತಿದ್ದರೆ ವೀಲ್ ಬೇರಿಂಗ್ ಅಲುಗಾಡಿಸಿ ನೋಡಬೇಕು.

ಅದಕ್ಕೇ ಗ್ಯಾರೇಜಿನಲ್ಲಿ ‘ಬ್ರೇಕ್ ಫೇಲ್ ಆಯ್ತು’ ಅಂತಷ್ಟೇ ಹೇಳಬೇಡಿ. ಪೆಡಲ್ ಮೆತ್ತಗಿತ್ತಾ, ಗಟ್ಟಿಯಿತ್ತಾ, ನಡುಗಿತಾ, ಬಿಸಿಯಾದ ಮೇಲಾ, ತಣ್ಣಗಿದ್ದಾಗಲಾ, ಎಲ್ಲ ಬರೆದುಕೊಂಡು ಹೋಗಿ. ಆ ಕ್ಷಣದಲ್ಲಿ ಪೆಡಲ್ ಮೇಲೆ ಇದ್ದದ್ದು ನಿಮ್ಮ ಕಾಲು, ಅವರದ್ದಲ್ಲ. ಇದೆಲ್ಲ ಕೇಳದೇನೇ ಸುಮ್ನೆ ಬ್ರೇಕ್ ಪ್ಯಾಡ್ ಬದಲಿಸಿ ಕೊಟ್ಟರೆ ಒಪ್ಪಬೇಡಿ. ಪೆಡಲ್ ನೆಲ ಮುಟ್ಟಿದ್ದಕ್ಕೆ ಸವೆದ ಪ್ಯಾಡ್ ಕಾರಣವಾಗುವುದು ತೀರಾ ಅಪರೂಪ. ಕಾರನ್ನು ಓಡಿಸಿಕೊಂಡೂ ಹೋಗಬೇಡಿ, ಟೋ ಮಾಡಿಸಿ. ರಿಪೇರಿಯಾದ ಮೇಲೆ ಗ್ಯಾರೇಜಿನ ಅಂಗಳದಲ್ಲೇ, ಆ ಹಗುರ ಕಾಲಿನ ಪರೀಕ್ಷೆಯನ್ನು ಅವರ ಎದುರಿಗೇ ಮಾಡಿ, ಆಮೇಲೆ ಹೊರಗೆ ತನ್ನಿ.